ದುರ್ಬೀನ್ ಆಪರೇಷನ್ ಆದಮೇಲೆ ದೇಹದೊಳಗೆ ಏನಾಗುತ್ತೆ? ಕರುಳಿನ ಕ್ಯಾನ್ಸರ್ ರೋಗಿಗಳ ಮನೆಯವರು ಪದೇ ಪದೇ ಕೇಳುವ ಪ್ರಶ್ನೆಗಳು

ನಾನು ಕಲಬುರಗಿಯಲ್ಲಿ ಅರಿವಳಿಕೆ ವೈದ್ಯ. ಜನರ ಬಾಯಲ್ಲಿ ‘ಮತ್ತು ಕೊಡೋ ಡಾಕ್ಟರ್’. ಥಿಯೇಟರ್ ಬಾಗಿಲು ತೆಗೆದು ಹೊರಗೆ ಬಂದರೆ ಬೆಂಚಿನ ಮೇಲೆ ಆಳಂದ, ಚಿಂಚೋಳಿ, ಹುಮನಾಬಾದ್, ಶಹಾಪುರ ಕಡೆಯ ಮಂದಿ ಕೂತಿರುತ್ತಾರೆ. ಕೇಳುವುದು ಹೆಚ್ಚುಕಡಿಮೆ ಅವೇ ಪ್ರಶ್ನೆ. ನಿಂತಲ್ಲೇ ಎರಡು ಮಾತು ಹೇಳಿ ಒಳಗೆ ಹೋಗಿಬಿಡುತ್ತೇನೆ. ಅದು ಸಾಲದು ಅಂತ ನನಗೂ ಗೊತ್ತು, ಅದಕ್ಕೇ ಇದನ್ನು ಬರೆದೆ. ನಿಮ್ಮ ರೋಗಿಯ ವಿಷಯದಲ್ಲಿ ನಿಮ್ಮ ಸರ್ಜನ್ ಹೇಳಿದ್ದೇ ಕೊನೆಯ ಮಾತು. ಅವರು ಹೇಳಿದ್ದು ಯಾಕೆ ಅಂತ ಅರ್ಥವಾದರೆ ಸಾಕು ಅನ್ನುವುದು ನನ್ನ ಆಸೆ.

“ನಾಕೈದು ತೂತಿನ ಆಪರೇಷನ್ ಅಂದ್ರಿ. ಮತ್ತ ನಮ್ಮಪ್ಪ ಎದ್ದು ಕುಂದರ್ಲಾಕ ಒಲ್ಲ ಅಂತಾನ, ಯಾಕ್ರಿ?”

ಎಲ್ಲರಿಗಿಂತ ಮೊದಲು ಬರುವ ಪ್ರಶ್ನೆ ಇದು. ದುರ್ಬೀನ್ ಆಪರೇಷನ್ ಅಂದರೆ ಲ್ಯಾಪರೋಸ್ಕೋಪಿ: ಹೊಟ್ಟೆ ಉದ್ದಕ್ಕೆ ಕೊಯ್ಯದೆ, ಸಣ್ಣ ತೂತುಗಳಿಂದ ಕ್ಯಾಮೆರಾ ಮತ್ತು ಉಪಕರಣ ಇಳಿಸಿ ಮಾಡುವುದು. ಹೊಟ್ಟೆಯ ಮೇಲೆ ನೋಡಿದರೆ ಅರ್ಧ ಸೆಂಟಿಮೀಟರ್‌ನಿಂದ ಒಂದೂಕಾಲು ಸೆಂಟಿಮೀಟರ್‌ವರೆಗಿನ ನಾಲ್ಕೈದು ರಂಧ್ರ. ಜೊತೆಗೆ ಗಡ್ಡೆಯಿರುವ ಕರುಳನ್ನು ಹೊರಗೆ ತೆಗೆಯಲು ಐದಾರು ಸೆಂಟಿಮೀಟರ್‌ನ ಒಂದು ಕೊಯ್ತ. ಇಷ್ಟೇ ಕಾಣೋದು.

ಒಳಗೆ ನಡೆದದ್ದು ಬೇರೆ. ಒಂದು ಗೇಣೋ ಅದಕ್ಕಿಂತ ಜಾಸ್ತಿಯೋ ಕರುಳನ್ನು ಬಿಡಿಸಿದ್ದಾರೆ. ಅದಕ್ಕೆ ಬರುವ ರಕ್ತನಾಳಗಳನ್ನು ಬುಡದಲ್ಲೇ ಕಟ್ಟಿದ್ದಾರೆ. ಸುತ್ತಲಿನ ದುಗ್ಧಗ್ರಂಥಿಗಳನ್ನೂ ತೆಗೆದಿದ್ದಾರೆ. ಉಳಿದ ಎರಡು ತುದಿ ಕೂಡಿಸಿ ಹೊಲಿದಿದ್ದಾರೆ. ಹೊಟ್ಟೆ ತೆರೆದು ಮಾಡಿದರೂ ಒಳಗಿನ ಕೆಲಸ ಇಷ್ಟೇ. ಚರ್ಮದ ಮೇಲಿನ ಗಾಯ ಸಣ್ಣದಾಯಿತು, ಅದರ ಲಾಭ ದೊಡ್ಡದೇ. ಆದರೆ ದೇಹ ಲೆಕ್ಕ ಹಾಕುವಾಗ ಒಳಗಿನದನ್ನೂ ಸೇರಿಸಿಯೇ ಹಾಕುತ್ತೆ. ಗಾಯಕ್ಕೆ ದೇಹ ಹೀಗೆ ಕೊಡುವ ಉತ್ತರವನ್ನೇ ನಾವು ಡಾಕ್ಟರುಗಳು ‘ಸ್ಟ್ರೆಸ್’ ಅನ್ನುತ್ತೇವೆ.

ಸ್ಟ್ರೆಸ್ ಅಂದರೆ ಟೆನ್ಷನ್ ಅಲ್ವಾ? ರೋಗಿಗೆ ಧೈರ್ಯ ಹೇಳಿದರೆ ಕಡಿಮೆ ಆಗಲ್ವಾ?

ಧೈರ್ಯ ಹೇಳಿ, ಒಳ್ಳೆಯದೇ. ಆದರೆ ಇಲ್ಲಿ ಹೇಳುತ್ತಿರುವ ಸ್ಟ್ರೆಸ್ ಮನಸ್ಸಿನದಲ್ಲ. ರೋಗಿ ಪೂರ್ತಿ ಪ್ರಜ್ಞೆ ಇಲ್ಲದೆ ಮಲಗಿರುವಾಗಲೂ ಇದು ನಡೆಯುತ್ತೆ. ನಾನು ಮಾನಿಟರ್ ಮುಂದೆ ಕೂತು ನೋಡುತ್ತಿರುತ್ತೇನೆ: ಸರ್ಜನ್ ಮೊದಲ ಕೊಯ್ತ ಹಾಕಿದ ಕೂಡಲೇ ನಾಡಿ 72 ಇದ್ದದ್ದು 90ಕ್ಕೆ ಏರುತ್ತೆ. ರೋಗಿಗೆ ಏನೂ ಗೊತ್ತಿಲ್ಲ. ಅವನ ದೇಹಕ್ಕೆ ಗೊತ್ತು.

ಗಾಯದ ಸುದ್ದಿ ಎರಡು ದಾರಿಯಲ್ಲಿ ಹೋಗುತ್ತೆ. ಒಂದು, ನರಗಳ ಮೂಲಕ ಮಿದುಳಿಗೆ. ಅಲ್ಲಿಂದ ಅಪ್ಪಣೆ ಹೊರಟು ಮೂತ್ರಪಿಂಡದ ಮೇಲೆ ಕೂತಿರುವ ಅಡ್ರಿನಲ್ ಗ್ರಂಥಿಗಳು ಅಡ್ರಿನಲಿನ್, ಕಾರ್ಟಿಸಾಲ್ ಬಿಡುತ್ತವೆ. ಇನ್ನೊಂದು, ರಕ್ತದ ಮೂಲಕ. ಗಾಯವಾದ ಜಾಗದ ಜೀವಕೋಶಗಳು ಇಂಟರ್‌ಲ್ಯೂಕಿನ್-6 ಅನ್ನುವಂಥ ರಾಸಾಯನಿಕಗಳನ್ನು ಬಿಡುತ್ತವೆ. ಅವು ಯಕೃತ್ತಿಗೆ ಹೋಗಿ ಉರಿಯೂತದ ಕೆಲಸ ಶುರು ಮಾಡಿಸುತ್ತವೆ.

ನಮ್ಮ ಕಡೆಯ ಹಳೆ ಮಂದಿಗೆ ಹಗೇವು ಗೊತ್ತು. ನೆಲದೊಳಗೆ ಜೋಳ ತುಂಬಿ ಮುಚ್ಚಿಡೋದು, ಬರ ಬಂದಾಗ ತೆಗೆಯೋದು. ದೇಹ ಮಾಡೋದೂ ಅದನ್ನೇ. ಗಾಯವಾಯಿತು ಅಂದರೆ ಅದಕ್ಕೆ ಬರ ಬಿದ್ದ ಹಾಗೆ. ಬೇಟೆಯಾಡಿ ಬದುಕಿದ ಕಾಲದಿಂದ ಬಂದ ಬುದ್ಧಿ ಇದು: ಗಾಯವಾದವನು ಇನ್ನು ನಾಲ್ಕು ದಿನ ಊಟ ಹುಡುಕಿಕೊಂಡು ಹೋಗಲಾರ, ಇದ್ದದ್ದನ್ನೇ ತೆಗೆ ಅಂತ. ಮೊದಲು ಯಕೃತ್ತಿನ ಸಕ್ಕರೆ ಹೊರಬರುತ್ತೆ. ಆಮೇಲೆ ಕೊಬ್ಬು. ಅದರ ಜೊತೆಜೊತೆಗೇ ಮಾಂಸಖಂಡವನ್ನೂ ಒಡೆದು ಉಪಯೋಗಿಸುತ್ತೆ. 1930ರ ದಶಕದಲ್ಲಿ ಗ್ಲಾಸ್ಗೋದಲ್ಲಿ ಡೇವಿಡ್ ಕತ್‌ಬರ್ಟ್‌ಸನ್ ಅನ್ನುವವರು ಕಾಲು ಮುರಿದವರ ಮೂತ್ರ ಪರೀಕ್ಷಿಸಿ ಇದನ್ನು ತೋರಿಸಿದರು. ಮುರಿದದ್ದು ಒಂದು ಎಲುಬು, ಕರಗುತ್ತಿದ್ದದ್ದು ಮೈಯ ಮಾಂಸ. ನಿಮ್ಮಪ್ಪನಿಗೆ ಏಳಲು ಆಗದ ಸುಸ್ತಿಗೆ ಇದೂ ಒಂದು ಕಾರಣ.

ಅಪ್ಪನಿಗೆ ಶುಗರ್ ಇರಲೇ ಇಲ್ಲ. ಆಪರೇಷನ್ ಆದಮೇಲೆ 230 ಬಂತು. ಗ್ಲೂಕೋಸ್ ಬಾಟಲಿ ಜಾಸ್ತಿ ಹಾಕಿದರಾ?

ಹೀಗೊಂದು ಜಗಳ ನಮ್ಮ ವಾರ್ಡಿನಲ್ಲಿ ಆಗಿದೆ. ಸೊಸೆ ನರ್ಸನ್ನು ಹಿಡಿದುಕೊಂಡಿದ್ದಳು. ಹಾಕಿದ್ದು ಉಪ್ಪಿನ ಸಲಾಯಿನ್, ಅದರಲ್ಲಿ ಸಕ್ಕರೆಯೇ ಇರಲಿಲ್ಲ.

ಸಕ್ಕರೆ ಬಂದದ್ದು ಒಳಗಿನಿಂದ. ಕಾರ್ಟಿಸಾಲ್, ಅಡ್ರಿನಲಿನ್ ಸೇರಿ ಸಕ್ಕರೆ ಹೊರಗೆ ತರುತ್ತವೆ. ಅದೇ ಹೊತ್ತಿಗೆ ಇನ್ಸುಲಿನ್ ಮಾತನ್ನು ಮಾಂಸಖಂಡಗಳು ಕೇಳುವುದಿಲ್ಲ. ಹೀಗಾಗಿ ರಕ್ತದಲ್ಲಿ ಸಕ್ಕರೆ ನಿಂತುಬಿಡುತ್ತೆ. ಆಪರೇಷನ್ ದೊಡ್ಡದಾದಷ್ಟೂ ಇದು ಜಾಸ್ತಿ. ಕೆಲವರಿಗೆ ಎರಡು ಮೂರು ದಿನದಲ್ಲಿ ಇಳಿಯುತ್ತೆ, ಕೆಲವರಿಗೆ ಎರಡು ಮೂರು ವಾರ ಬೇಕು.

180ರ ಮೇಲೆ ಹೋದರೆ ನಾವು ಸಾಮಾನ್ಯವಾಗಿ ಇನ್ಸುಲಿನ್ ಕೊಡುತ್ತೇವೆ. ಸಕ್ಕರೆ ಜಾಸ್ತಿ ಇದ್ದರೆ ಗಾಯಕ್ಕೆ ಸೋಂಕು ಹತ್ತುವ ಭಯ. “ಒಮ್ಮೆ ಇನ್ಸುಲಿನ್ ಹಚ್ಚಿದರೆ ಜೀವನಪೂರ್ತಿ ಬಿಡಂಗಿಲ್ಲ” ಅನ್ನುವ ಹೆದರಿಕೆ ಇಲ್ಲಿ ಬೇಡ. ಮೂರು ತಿಂಗಳ ಸರಾಸರಿ ಶುಗರ್ ಪರೀಕ್ಷೆ ಮಾಡಿಸಿದರೆ ಮೊದಲಿನಿಂದಲೂ ಶುಗರ್ ಇತ್ತೋ ಈಗ ಬಂದದ್ದೋ ಗೊತ್ತಾಗುತ್ತೆ. ಎಷ್ಟೋ ರೈತರಿಗೆ ತಮಗೆ ಶುಗರ್ ಇದೆ ಅಂತ ಗೊತ್ತಾಗುವುದೇ ಹೀಗೆ.

ಮೂತ್ರ ಕಡಿಮೆ ಬರ್ತಿದೆ. ಇನ್ನೊಂದು ಸಲಾಯಿನ್ ಹಚ್ಚಬಾರದಾ?

ಗಾಯವಾದಾಗ ದೇಹ ನೀರು, ಉಪ್ಪು ಎರಡನ್ನೂ ಹಿಡಿದಿಟ್ಟುಕೊಳ್ಳುತ್ತೆ. ಅದಕ್ಕೂ ಹಾರ್ಮೋನುಗಳಿವೆ. ಅದಕ್ಕೇ ಮೊದಲ ದಿನ ಚೀಲದಲ್ಲಿ ಮೂತ್ರ ಕಡಿಮೆ, ಬಣ್ಣವೂ ಗಾಢ. 60 ಕಿಲೋ ತೂಕದವರಿಗೆ ಗಂಟೆಗೆ 30 ಮಿಲಿಲೀಟರ್ ಬಂದರೆ ನಾವು ನಿಶ್ಚಿಂತೆ. ಅದಕ್ಕಿಂತ ಸ್ವಲ್ಪ ಕಡಿಮೆಯಾದರೆ ನಾಡಿ, ಬಿಪಿ ನೋಡಿ ಆಮೇಲೆ ತೀರ್ಮಾನ.

ಸುಮ್ನೆ ಬಾಟಲಿ ಮೇಲೆ ಬಾಟಲಿ ಹಚ್ಚಿದರೆ ಆ ನೀರು ಹೋಗಿ ಕೂರುವುದು ಕರುಳಿನ ಗೋಡೆಯಲ್ಲಿ, ಪುಪ್ಪುಸದಲ್ಲಿ. ಊದಿದ ಕರುಳು ಹೊಲಿಗೆಗೂ ಒಳ್ಳೆಯದಲ್ಲ, ಗಾಳಿ ಸರಿಯುವುದೂ ತಡ. ನಮ್ಮ ಭಾಗದಲ್ಲಿ ‘ಸಲಾಯಿನ್ ಹಚ್ಚಿದರೆ ಶಕ್ತಿ ಬರುತ್ತೆ’ ಅನ್ನುವ ನಂಬಿಕೆ ಗಟ್ಟಿ. ಅರ್ಧ ತಪ್ಪು ನಮ್ಮದೇ, ಡಾಕ್ಟರುಗಳದು. ಜನ ಕೇಳಿದಾಗಲೆಲ್ಲ ಹಚ್ಚಿದ್ದೇವೆ.

ಹೊಟ್ಟೆ ಕೊಯ್ದು ಮಾಡುವುದಕ್ಕೂ ಇದಕ್ಕೂ ದೇಹದ ಲೆಕ್ಕದಲ್ಲಿ ನಿಜಕ್ಕೂ ವ್ಯತ್ಯಾಸ ಇದೆಯಾ?

ಇದೆ. ಆದರೆ ಎಲ್ಲದರಲ್ಲೂ ಇಲ್ಲ.

ಉರಿಯೂತದ ಕಡೆ ವ್ಯತ್ಯಾಸ ಚೆನ್ನಾಗಿ ಕಾಣುತ್ತೆ. ಇಂಟರ್‌ಲ್ಯೂಕಿನ್-6 ಮೊದಲ ದಿನದೊಳಗೇ ತುತ್ತತುದಿ ಮುಟ್ಟುತ್ತೆ, ಸಿಆರ್‌ಪಿ (ಉರಿಯೂತ ಎಷ್ಟಿದೆ ಅಂತ ರಕ್ತಪರೀಕ್ಷೆಯಲ್ಲಿ ತೋರಿಸುವ ಪ್ರೋಟೀನ್) ಎರಡು ಮೂರನೆಯ ದಿನ. ಎರಡೂ ದುರ್ಬೀನ್ ಆಪರೇಷನ್‌ನಲ್ಲಿ ಕಡಿಮೆ ಏರುತ್ತವೆ. ಹೊಟ್ಟೆಯ ಗೋಡೆಯನ್ನು ಉದ್ದಕ್ಕೆ ಸೀಳಿಲ್ಲ, ಕಬ್ಬಿಣದ ಹಿಡಿಕೆ ಹಾಕಿ ಗಂಟೆಗಟ್ಟಲೆ ಎಳೆದು ಹಿಡಿದಿಲ್ಲ, ಕರುಳನ್ನು ಹೊರಗೆ ತೆಗೆದು ಒಣಗಲು ಬಿಟ್ಟಿಲ್ಲ. ಆಮೇಲೆ ಉಸಿರೂ ಸಲೀಸು. ಉದ್ದ ಗಾಯದವರು ನೋವಿಗೆ ಹೆದರಿ ಕೆಮ್ಮುವುದೇ ಇಲ್ಲ, ಕಫ ಕಟ್ಟುತ್ತೆ.

ಕಾರ್ಟಿಸಾಲ್, ಅಡ್ರಿನಲಿನ್ ಕಡೆ ಅಷ್ಟು ದೊಡ್ಡ ವ್ಯತ್ಯಾಸ ಕಂಡುಬಂದಿಲ್ಲ. ಒಳಗಿನ ಅಂಗ ಮುಟ್ಟಿದ್ದರ ಸುದ್ದಿ ಮಿದುಳಿಗೆ ಹೇಗಿದ್ದರೂ ಹೋಗಿಯೇ ಹೋಗುತ್ತೆ. ಜೊತೆಗೆ ಹೊಟ್ಟೆಗೆ ತುಂಬುವ ಗಾಳಿಯೂ ತನ್ನ ಪಾಲಿನದನ್ನು ಸೇರಿಸುತ್ತೆ.

ಹೊಟ್ಟೆಗೆ ಗಾಳಿ ತುಂಬುತ್ತಾರಂತೆ. ಆಮೇಲೆ ಅದು ಎಲ್ಲಿಗೆ ಹೋಗುತ್ತೆ?

ತುಂಬುವುದು ಕಾರ್ಬನ್ ಡೈಆಕ್ಸೈಡ್. ಕರೆಂಟಿನ ಉಪಕರಣದ ಕಿಡಿಗೆ ಹೊತ್ತಿಕೊಳ್ಳಲ್ಲ, ರಕ್ತದಲ್ಲಿ ಬೇಗ ಕರಗುತ್ತೆ, ಉಸಿರಿನಲ್ಲಿ ಹೊರಗೆ ಹೋಗುತ್ತೆ. ಅದಕ್ಕೇ ಇದೇ ಅನಿಲ. ಒತ್ತಡ 12ರಿಂದ 15 ಮಿಲಿಮೀಟರ್ (ಬಿಪಿ ಅಳೆಯುವ ಅದೇ ಅಳತೆ) ಇಟ್ಟುಕೊಳ್ಳುತ್ತಾರೆ, ಆದಷ್ಟು ಕಡಿಮೆ ಇದ್ದರೆ ಇನ್ನೂ ಒಳ್ಳೆಯದು. ಆ ಒತ್ತಡಕ್ಕೆ ಬಿಪಿ ಏರುತ್ತೆ, ಹೃದಯಕ್ಕೆ ಕೆಲಸ ಜಾಸ್ತಿ. ಕೆಳಭಾಗದ ಕರುಳಾದರೆ ರೋಗಿಯ ತಲೆ ಕೆಳಗೆ ಮಾಡಿ ಟೇಬಲ್ ಓರೆ ಮಾಡಿರುತ್ತಾರೆ. ಹೃದಯ ಅಥವಾ ಪುಪ್ಪುಸ ದುರ್ಬಲ ಇದ್ದವರಿಗೆ ಎಕೋ, ಇಸಿಜಿ ಅಂತ ನಾವು ಓಡಾಡಿಸುವುದು ಇದಕ್ಕೇ.

ಆಮೇಲೆ ಒಂದೆರಡು ದಿನ ಭುಜ ನೋಯಬಹುದು. ಆ ಗಾಳಿಗೆ ವಪೆ (ಎದೆ ಮತ್ತು ಹೊಟ್ಟೆಯ ನಡುವಿನ ಉಸಿರಾಟದ ಸ್ನಾಯು) ಕೆರಳುತ್ತೆ. ವಪೆ ಮತ್ತು ಭುಜದ ತುದಿಯ ನೋವಿನ ಸುದ್ದಿ ಕುತ್ತಿಗೆಯ ಒಂದೇ ನರದ ಬೇರಿಗೆ ಹೋಗುತ್ತೆ. ಹೊಟ್ಟೆಯ ಆಪರೇಷನ್‌ಗೆ ಭುಜ ಯಾಕೆ ತಿಕ್ಕಿಕೊಳ್ಳುತ್ತಿದ್ದಾರೆ ಅಂತ ಗಾಬರಿಯಾಗಬೇಡಿ. ಐದಾರು ದಿನ ಕಳೆದಮೇಲೆ ಹೊಸದಾಗಿ ಭುಜ ನೋವು ಬಂದರೆ ಮಾತ್ರ ಹೇಳಿ, ಅದು ಬೇರೆ ವಿಷಯ.

ಸಣ್ಣ ತೂತಿನಿಂದ ಕ್ಯಾನ್ಸರ್ ಪೂರ್ತಿ ತೆಗೆಯಲು ಬರುತ್ತಾ?

ಈ ಅನುಮಾನ ಸರ್ಜನ್‌ಗಳಿಗೂ ಇತ್ತು. 1990ರ ದಶಕದ ಪೂರ್ತಿ ಇದೇ ವಾದ. 2004ರಲ್ಲಿ ಅಮೆರಿಕದಲ್ಲಿ 872 ರೋಗಿಗಳ ಅಧ್ಯಯನದ ಫಲಿತಾಂಶ ಬಂತು. ಮೂರು ವರ್ಷದಲ್ಲಿ ಕ್ಯಾನ್ಸರ್ ಮರಳಿ ಬಂದದ್ದು ದುರ್ಬೀನಿನವರಲ್ಲಿ ನೂರಕ್ಕೆ 16, ಹೊಟ್ಟೆ ತೆರೆದವರಲ್ಲಿ ನೂರಕ್ಕೆ 18. ಹೆಚ್ಚುಕಡಿಮೆ ಸಮ. ಇದು ದೊಡ್ಡ ಕರುಳಿನ ಮಾತು. ಗುದನಾಳದ ಗಡ್ಡೆಯಲ್ಲಿ ಜಾಗ ಇಕ್ಕಟ್ಟು, ಅಲ್ಲಿ ಸರ್ಜನ್‌ನ ಕೈ ಪಳಗಿರಬೇಕು.

ಕರುಳು ಪೂರ್ತಿ ಕಟ್ಟಿಕೊಂಡು ಊದಿದ್ದರೆ, ತೂತಾಗಿದ್ದರೆ, ಗಡ್ಡೆ ಬೇರೆ ಅಂಗಕ್ಕೆ ಅಂಟಿದ್ದರೆ ಹೊಟ್ಟೆ ತೆರೆಯುವುದೇ ಸರಿ. ದುರ್ಬೀನಿನಲ್ಲಿ ಶುರು ಮಾಡಿ ನಡುವೆ ತೆರೆದರು ಅಂದರೆ ಫೇಲ್ ಆಯಿತು ಅಂತಲ್ಲ. ತೆರೆಯಬೇಕಾದಾಗ ಹಟ ಹಿಡಿಯದೆ ತೆರೆಯುವ ಸರ್ಜನ್ ಬಗ್ಗೆ ನನಗೆ ಗೌರವ ಜಾಸ್ತಿ.

“ಗಡ್ಡಿಗಿ ಚಾಕು ಹಚ್ಚಿದ್ರ, ಗಾಳಿ ತಾಕಿದ್ರ ಕ್ಯಾನ್ಸರ್ ಮೈ ತುಂಬ ಹಬ್ಬತದಂತ?”

ಈ ಮಾತು ಕೇಳಿ ಆರು ತಿಂಗಳು ನಾಟಿ ಔಷಧಿಯಲ್ಲಿ ಕಳೆದು, ಕರುಳು ಕಟ್ಟಿಕೊಂಡು, ರಾತ್ರೋರಾತ್ರಿ ಬಂದವರನ್ನು ನೋಡಿದ್ದೇನೆ. ಗಾಳಿ ತಾಕಿ ಕ್ಯಾನ್ಸರ್ ಹಬ್ಬುವುದಿಲ್ಲ.

ಅದರಲ್ಲಿ ಒಂದು ಕಾಳಿನಷ್ಟು ನಿಜ ಎಲ್ಲಿದೆ ಅಂದರೆ: ದೊಡ್ಡ ಆಪರೇಷನ್ ಆದ ಕೆಲವು ದಿನ ರೋಗನಿರೋಧಕ ಶಕ್ತಿ ತಗ್ಗುತ್ತೆ. ಕ್ಯಾನ್ಸರ್ ಕೋಶಗಳನ್ನು ಹಿಡಿದು ಕೊಲ್ಲುವ ಒಂದು ಜಾತಿಯ ಬಿಳಿ ರಕ್ತಕಣಗಳೂ ಮಂಕಾಗುತ್ತವೆ. ಅದಕ್ಕೆ ಇದೇ ಕಾರ್ಟಿಸಾಲ್, ಇದೇ ಅಡ್ರಿನಲಿನ್ ಕಾರಣ. ದುರ್ಬೀನಿನಲ್ಲಿ ಈ ಶಕ್ತಿ ಸ್ವಲ್ಪ ಚೆನ್ನಾಗಿ ಉಳಿಯುತ್ತೆ ಅಂತ ಪರೀಕ್ಷೆಗಳು ತೋರಿಸಿವೆ. ಹಾಗಂತ ಅದರಿಂದಲೇ ಜನ ಹೆಚ್ಚು ವರ್ಷ ಬದುಕುತ್ತಾರೆ ಅಂತ ಸಾಬೀತಾಗಿಲ್ಲ. ಗಡ್ಡೆಯನ್ನು ಒಳಗೇ ಬಿಟ್ಟರೆ ಮಾತ್ರ ಅದು ಹಬ್ಬುವುದು ಖಂಡಿತ.

ಆಪರೇಷನ್‌ಗೆ ಮುಂಚೆ ನಾವು ಮಾಡಬೇಕಾದದ್ದು ಏನಾದರೂ ಇದೆಯಾ?

ತುಂಬಾ ಇದೆ. ನನ್ನ ಪ್ರಕಾರ ಅರ್ಧ ಆಪರೇಷನ್ ಮನೆಯವರ ಕೈಯಲ್ಲೇ ಇದೆ.

ಮೊದಲು ಉಪವಾಸದ ಮಾತು. ವರ್ಷಗಳ ಹಿಂದೆ ನಾನು ಕೆಲಸ ಮಾಡುತ್ತಿದ್ದ ಒಂದು ಕಡೆ ‘ರಾತ್ರಿ ಹತ್ತರ ಮೇಲೆ ಏನೂ ಇಲ್ಲ’ ಅಂತ ಎಲ್ಲರಿಗೂ ಒಂದೇ ಮಾತು ಹೇಳುತ್ತಿದ್ದೆವು. ಏಪ್ರಿಲ್ ತಿಂಗಳು. ಒಬ್ಬ ಅಜ್ಜಿ ಸಂಜೆ ಆರಕ್ಕೇ ಊಟ ಬಿಟ್ಟಿದ್ದಳು, ದೇವರಿಗೆ ಬೇಡಿಕೊಂಡಿದ್ದಳಂತೆ. ಪಟ್ಟಿ ಹಿಂದೆ ಮುಂದೆ ಆಗಿ ಅವಳನ್ನು ಒಳಗೆ ತಂದದ್ದು ಮಧ್ಯಾಹ್ನ ಎರಡಕ್ಕೆ. ತುಟಿ ಒಣಗಿ ಬಿರುಕು ಬಿಟ್ಟಿತ್ತು, ನಾಲಿಗೆ ಮೇಲಕ್ಕೆ ಅಂಟಿಕೊಂಡು ಮಾತೇ ಹೊರಡುತ್ತಿರಲಿಲ್ಲ. ಕತ್ತಿ ಇಡುವ ಮುಂಚೆಯೇ ಆ ದೇಹ ಬರಗಾಲದಲ್ಲಿತ್ತು.

ಈಗಿನ ನಿಯಮ ಸರಳ. ಗಟ್ಟಿ ಊಟ ಆರು ಗಂಟೆ ಮುಂಚೆವರೆಗೆ, ತಿಳಿ ನೀರು ಎರಡು ಗಂಟೆ ಮುಂಚೆವರೆಗೆ. ನೀರು, ಸೋಸಿದ ಷರಬತ್ತು, ಹಾಲಿಲ್ಲದ ಚಹಾ ತಿಳಿ ನೀರಿನ ಲೆಕ್ಕ. ಹಾಲು, ಮಜ್ಜಿಗೆ ಅಲ್ಲ. ಶುಗರ್ ಇಲ್ಲದವರಿಗೆ ಸಿಹಿ ಪಾನಕ ಕೊಟ್ಟು ಒಳಗೆ ಕರೆದುಕೊಂಡರೆ ಆಮೇಲೆ ಇನ್ಸುಲಿನ್ ಮಾತು ಕೇಳದ ತೊಂದರೆ ಕಡಿಮೆ. ಕರುಳು ಕಟ್ಟಿಕೊಂಡವರಿಗೆ, ಹೊಟ್ಟೆ ತಡವಾಗಿ ಖಾಲಿಯಾಗುವವರಿಗೆ ಈ ನಿಯಮ ಅನ್ವಯಿಸಲ್ಲ. ನಿಮ್ಮ ಅರಿವಳಿಕೆ ವೈದ್ಯರನ್ನೇ ಕೇಳಿ.

ಎರಡನೆಯದು ಮಾತ್ರೆಗಳು. ಇರುವ ಎಲ್ಲ ಮಾತ್ರೆಯ ಚೀಟಿಯನ್ನೂ ತನ್ನಿ. ಶುಗರ್‌ಗೆ ಡಪಾಗ್ಲಿಫ್ಲೋಜಿನ್, ಎಂಪಾಗ್ಲಿಫ್ಲೋಜಿನ್ ತೆಗೆದುಕೊಳ್ಳುತ್ತಿದ್ದರೆ ಮರೆಯದೇ ಹೇಳಿ, ಅದನ್ನು ಮೂರು ದಿನ ಮುಂಚೆಯೇ ನಿಲ್ಲಿಸಬೇಕು. ಇಲ್ಲದಿದ್ದರೆ ಶುಗರ್ ನಾರ್ಮಲ್ ಇದ್ದಾಗಲೇ ರಕ್ತದಲ್ಲಿ ಆಮ್ಲ ಏರುವ ಅಪಾಯ ಇದೆ.

ಗುಟಖಾ, ಬೀಡಿ, ಸಿಗರೇಟು: ನಾಲ್ಕು ವಾರ ಮುಂಚೆ ಬಿಟ್ಟರೆ ಬಹಳ ಒಳ್ಳೆಯದು, ಅಷ್ಟು ಸಮಯ ಇಲ್ಲದಿದ್ದರೆ ಇವತ್ತೇ ಬಿಡಿ.

ಬಲಗಡೆಯ ಕರುಳಿನ ಗಡ್ಡೆ ಕಣ್ಣಿಗೆ ಕಾಣದ ಹಾಗೆ ರಕ್ತ ಸೋರಿಸುತ್ತೆ. ಹಿಮೋಗ್ಲೋಬಿನ್ 7, 8ಕ್ಕೆ ಇಳಿದಿರುತ್ತೆ. ಸಮಯವಿದ್ದರೆ ರಕ್ತನಾಳಕ್ಕೆ ಕಬ್ಬಿಣದ ಇಂಜೆಕ್ಷನ್ ಕೊಟ್ಟು ಏರಿಸಿಕೊಳ್ಳುತ್ತೇವೆ. ಅದಕ್ಕೆ ಎರಡು ಮೂರು ವಾರ ಹಿಡಿದರೆ ‘ಡಾಕ್ಟರ್ ತಡ ಮಾಡ್ತಿದ್ದಾರೆ’ ಅನ್ನಬೇಡಿ.

ಬೆನ್ನಿಗೆ ಸೂಜಿ ಹಾಕಿದರೆ ಮುಂದೆ ಜೀವನಪೂರ್ತಿ ಬೆನ್ನುನೋವಂತೆ?

ಇಲ್ಲ. ನೋವಿನ ಸುದ್ದಿ ಮಿದುಳಿಗೆ ಹೋಗುವ ದಾರಿಯನ್ನು ಸ್ವಲ್ಪ ಹೊತ್ತು ಮುಚ್ಚಲು ಆ ಸೂಜಿ. ಹೊಟ್ಟೆ ತೆರೆಯುವ ಆಪರೇಷನ್‌ನಲ್ಲಿ ಬೆನ್ನಿನಲ್ಲಿ ಸಣ್ಣ ನಳಿಕೆ ಬಿಟ್ಟು ಮದ್ದು ಕೊಡುತ್ತೇವೆ. ದುರ್ಬೀನಿಗೆ ಸಾಮಾನ್ಯವಾಗಿ ಅಷ್ಟು ಬೇಡ. ಒಂದು ಸೂಜಿ ಅಥವಾ ಹೊಟ್ಟೆಯ ಗೋಡೆಗೆ ಮರಗಟ್ಟುವ ಮದ್ದು, ಮೇಲೆ ಪ್ಯಾರಸಿಟಮಾಲ್, ಸಾಕು. ರೋಗಿಗೆ ‘ಗಂಡಸಲ್ವಾ, ತಡ್ಕೋ’ ಅನ್ನಬೇಡಿ. ನೋವು ತಡೆದುಕೊಂಡವರು ಉಸಿರು ಎಳೆಯಲ್ಲ, ನಡೆಯಲ್ಲ, ನಿದ್ದೆಯೂ ಮಾಡಲ್ಲ.

ಊಟ ಯಾವಾಗ ಕೊಡಲಿ? ರೊಟ್ಟಿ ಯಾವಾಗ?

ಮೊದಲೆಲ್ಲ ಗಾಳಿ ಸರಿಯುವ ತನಕ ನಾಲ್ಕೈದು ದಿನ ಬಾಯಿ ಕಟ್ಟುತ್ತಿದ್ದೆವು, ಮೂಗಿನಲ್ಲಿ ನಳಿಕೆ ಬೇರೆ. 1990ರ ದಶಕದಲ್ಲಿ ಡೆನ್ಮಾರ್ಕ್‌ನ ಸರ್ಜನ್ ಹೆನ್ರಿಕ್ ಕೆಲೆಟ್ ಈ ಪದ್ಧತಿಯನ್ನೇ ಪ್ರಶ್ನಿಸಿದರು. ಬೇಗ ಉಣಿಸು, ಬೇಗ ನಡೆಸು, ನೋವು ಕಡಿಮೆ ಇಡು, ಬೇಡದ ನಳಿಕೆ ತೆಗೆ. ಈಗ ಅದೇ ದಾರಿ.

ತೊಂದರೆ ಇಲ್ಲದಿದ್ದರೆ ಅದೇ ಸಂಜೆ ಗುಟುಕು ಗುಟುಕು ನೀರು. ಮರುದಿನ ಗಂಜಿ, ಮೆತ್ತಗಿನ ಅನ್ನ, ಬೇಳೆಯ ಕಟ್ಟು, ಮಜ್ಜಿಗೆ, ತಿನ್ನುವವರಿಗೆ ಮೊಟ್ಟೆ. ಕರಗುತ್ತಿರುವ ಮಾಂಸಖಂಡಕ್ಕೆ ಪ್ರೋಟೀನ್ ಬೇಕು, ದಿನಕ್ಕೆ ಒಂದು ಕಿಲೋ ತೂಕಕ್ಕೆ ಒಂದೂವರೆ ಗ್ರಾಂ ಹತ್ತಿರ. ಬರೀ ಸಾಬುದಾಣಿ ಗಂಜಿಯಲ್ಲಿ ಅದು ಸಿಗಲ್ಲ. 2019ರಲ್ಲಿ ಜಿಐ ಟ್ಯಾಗ್ ಪಡೆದ ತೊಗರಿ ಬೆಳೆಯುವ ಜಿಲ್ಲೆ ನಮ್ಮದು, ಆದರೂ ಆಸ್ಪತ್ರೆಗೆ ಬರುವ ಡಬ್ಬಿಯಲ್ಲಿ ಬೇಳೆ ತಳದಲ್ಲೇ ಉಳಿದು ತಿಳಿ ಮಾತ್ರ ಬಂದಿರುತ್ತೆ! ಬೇಳೆಯನ್ನು ನುಣ್ಣಗೆ ಮಸೆದು ತನ್ನಿ.

ಜೋಳದ ರೊಟ್ಟಿ, ಪುಂಡಿ ಪಲ್ಯ, ಹಸಿ ಮೂಲಂಗಿಗೆ ಮೂರ್ನಾಲ್ಕು ವಾರ ಬಿಡಿ. ಆಸೆ ತಡೆಯದಿದ್ದರೆ ರೊಟ್ಟಿಯನ್ನು ಸಾರಿನಲ್ಲಿ ಚೆನ್ನಾಗಿ ನೆನೆಸಿ, ಅದೂ ಸರ್ಜನ್ ಹೂಂ ಅಂದಮೇಲೆ.

ಇನ್ನು ಚ್ಯೂಯಿಂಗ್ ಗಮ್. ಜಗಿದರೆ ಊಟ ಬರ್ತಿದೆ ಅಂದುಕೊಂಡು ಕರುಳು ಚುರುಕಾಗುತ್ತೆ. ಒಬ್ಬ ಮುದುಕಿಗೆ ಕೊಟ್ಟಾಗ “ಹಲ್ಲಿಲ್ಲದಾಕಿಗಿ ಇದೇನು ಕೊಡ್ತಿಯೋ ತಮ್ಮಾ, ಎಲಿ ಅಡಕಿ ಕೊಡು” ಅಂದಳು. ಎಲೆ ಅಡಿಕೆ ಕೊಡಲಿಲ್ಲ.

ಹೊಲಿಗೆ ಹಸಿ ಇದೆ, ಎಬ್ಬಿಸಿ ನಡೆಸ್ತೀರಲ್ಲ?

ನಡೆಸಲೇಬೇಕು. ಮೊದಲ ದಿನವೇ ಕುರ್ಚಿಯಲ್ಲಿ ಕೂರಿಸಿ, ಮರುದಿನ ವಾರ್ಡಿನ ತುದಿವರೆಗೆ ಹೋಗಿ ಬರಲಿ. ಮಲಗಿದಷ್ಟೂ ಮಾಂಸಖಂಡ ಸೊರಗುತ್ತೆ, ಕಾಲಿನಲ್ಲಿ ರಕ್ತ ಹೆಪ್ಪುಗಟ್ಟುತ್ತೆ. ಕ್ಯಾನ್ಸರ್ ಇದ್ದವರಿಗೆ ಹೆಪ್ಪಿನ ಭಯ ಜಾಸ್ತಿ, ಅದಕ್ಕೇ ಹೊಟ್ಟೆಗೆ ಚುಚ್ಚುವ ಸಣ್ಣ ಇಂಜೆಕ್ಷನ್ನನ್ನು ಕೆಲವರಿಗೆ 28 ದಿನ ಮುಂದುವರಿಸುತ್ತೇವೆ. ನನ್ನ ದೊಡ್ಡ ತಲೆನೋವು ನೋಡಲು ಬರುವ ನೆಂಟರು. ರೋಗಿ ಹೇಗೋ ಎದ್ದು ಎರಡು ಹೆಜ್ಜೆ ಇಟ್ಟಿರುತ್ತಾನೆ, “ಕಾಕಾ, ಏಳಬ್ಯಾಡ, ಮಲ್ಕೋ, ಮಲ್ಕೋ” ಅಂತ ಮತ್ತೆ ಮಲಗಿಸಿಬಿಡುತ್ತಾರೆ.

ದಿನಾ ರಕ್ತ ತೆಗೆದು ಸಿಆರ್‌ಪಿ ಅಂತ ಮಾಡ್ತಾರಲ್ಲ, ಅದು ಯಾಕೆ?

ಉರಿಯೂತದ ಏರಿಳಿತ ನೋಡಲು. ಎರಡು ಮೂರನೆಯ ದಿನದ ತನಕ ಏರುವುದು ಸಹಜ, ಆಮೇಲೆ ಇಳಿಯಬೇಕು. ಮೂರು ನಾಲ್ಕನೆಯ ದಿನ 150ರ ಮೇಲೇ ಇದ್ದರೆ, ಅಥವಾ ಇಳಿದದ್ದು ಮತ್ತೆ ಏರಿದರೆ, ಕರುಳು ಕೂಡಿಸಿದ ಜಾಗದಲ್ಲಿ ಸೋರಿಕೆ ಇದೆಯಾ ಅಂತ ಸಿ.ಟಿ. ಸ್ಕ್ಯಾನ್ ಮಾಡಿಸುತ್ತೇವೆ.

ಎಷ್ಟು ದಿನ ಆಸ್ಪತ್ರೆ? ಹೊಲಕ್ಕೆ ಯಾವಾಗ?

2011ರಲ್ಲಿ ಪ್ರಕಟವಾದ ನೆದರ್‌ಲ್ಯಾಂಡ್ಸ್‌ನ ಅಧ್ಯಯನದಲ್ಲಿ ಸುಮಾರು 400 ರೋಗಿಗಳನ್ನು ನೋಡಿದರು. ದುರ್ಬೀನ್ ಮತ್ತು ಈ ಬೇಗ ಉಣಿಸಿ ನಡೆಸುವ ಪದ್ಧತಿ ಎರಡೂ ಸೇರಿದವರು ಐದು ದಿನಕ್ಕೆ ಮನೆಗೆ ಹೋದರು, ಹೊಟ್ಟೆ ತೆರೆದವರು ಏಳು ದಿನಕ್ಕೆ. ನಮ್ಮಲ್ಲಿ ಊರು ದೂರ, ಒಂದೆರಡು ದಿನ ಹೆಚ್ಚೇ ಇಟ್ಟುಕೊಳ್ಳುತ್ತೇವೆ. ಸುಸ್ತು ಪೂರ್ತಿ ಹೋಗಲು ಒಂದೂವರೆ ತಿಂಗಳಾದರೂ ಬೇಕು. ಅಲ್ಲಿತನಕ ತೊಗರಿ ಚೀಲ, ನೀರಿನ ಕೊಡ ಎತ್ತಬಾರದು. ಕೀಮೋ ಬೇಕಾದವರಿಗೆ ಎಂಟು ವಾರದೊಳಗೆ ಶುರುವಾಗಬೇಕು, ಬೇಗ ಚೇತರಿಸಿಕೊಳ್ಳಲಿ ಅನ್ನುವುದು ಅದಕ್ಕೂ ಹೌದು.

ಇದಕ್ಕೆಲ್ಲ ಹೈದರಾಬಾದ್, ಸೊಲ್ಲಾಪುರಕ್ಕೇ ಹೋಗಬೇಕಾ?

ಹೋಗಲೇಬೇಕು ಅಂತೇನಿಲ್ಲ. ಕಲಬುರಗಿಯಲ್ಲಿ ಕಿದ್ವಾಯಿ ಕ್ಯಾನ್ಸರ್ ಸಂಸ್ಥೆಯ ಶಾಖೆ ಇದೆ, ಮೆಡಿಕಲ್ ಕಾಲೇಜುಗಳಿವೆ. ಬೀದರ್, ಯಾದಗಿರಿಯಲ್ಲೂ ಸರ್ಕಾರಿ ಮೆಡಿಕಲ್ ಕಾಲೇಜುಗಳಿವೆ. ಎಲ್ಲಿಗೇ ಹೋದರೂ ಸರ್ಜನ್‌ಗೆ ಒಂದು ಪ್ರಶ್ನೆ ಕೇಳಿ: “ಇಂಥ ಆಪರೇಷನ್ ದುರ್ಬೀನಿನಲ್ಲಿ ವರ್ಷಕ್ಕೆ ಎಷ್ಟು ಮಾಡ್ತೀರಿ?” ಕೇಳುವುದರಲ್ಲಿ ಸಂಕೋಚ ಬೇಡ. ಬಿಪಿಎಲ್ ಕಾರ್ಡಿನವರಿಗೆ ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕದಲ್ಲಿ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ಸೌಲಭ್ಯ ಇದೆ. ಕಾರ್ಡು, ಆಧಾರ್ ಮೊದಲ ದಿನವೇ ತನ್ನಿ.

ಮನೆಗೆ ಹೋದಮೇಲೆ ಯಾವಾಗ ಓಡಿ ಬರಬೇಕು?

ಚಳಿಜ್ವರ. ಸುಮ್ಮನೆ ಕೂತಾಗಲೂ ನಾಡಿ ನೂರರ ಮೇಲೆ. ಹೊಟ್ಟೆ ಉಬ್ಬಿ ಗಟ್ಟಿಯಾಗುವುದು, ವಾಂತಿ ನಿಲ್ಲದಿರುವುದು, ಕಡಿಮೆಯಾಗಿದ್ದ ನೋವು ಮತ್ತೆ ಜಾಸ್ತಿಯಾಗುವುದು. ಒಂದೇ ಕಾಲು ಊದುವುದು, ಏದುಸಿರು. ಗಾಯದಿಂದ ಕೀವು. ಮತ್ತೆ ಇನ್ನೊಂದು, ಪುಸ್ತಕದಲ್ಲಿ ಬೇರೆ ಥರ ಬರೆದಿರುತ್ತಾರೆ, ಮನೆಯ ಹೆಂಗಸರು ಹೇಳುವುದು ಹೀಗೆ: “ನಿನ್ನಿ ಚೊಲೊ ಮಾತಾಡ್ತಿದ್ರಿ, ಇವತ್ತು ಯಾಕೋ ಮಂಕಾಗ್ಯಾರ.” ಆ ಮಾತನ್ನು ನಾನು ಯಾವ ರಿಪೋರ್ಟಿಗಿಂತ ಕಡಿಮೆ ಅಂದುಕೊಳ್ಳಲ್ಲ. ಸೋರಿಕೆ ಕಾಣಿಸಿಕೊಳ್ಳುವುದು ಹೆಚ್ಚಾಗಿ ಮೊದಲ ವಾರ ಹತ್ತು ದಿನದೊಳಗೆ, ಅಂದರೆ ನೀವು ಊರು ಸೇರಿದ ಮೇಲೂ ಆಗಬಹುದು. ಬೆಳಗಾಗಲಿ, ಮೊದಲ ಬಸ್ಸಿಗೆ ಹೋಗೋಣ ಅಂತ ಕಾಯಬೇಡಿ. 108ಕ್ಕೆ ಫೋನ್ ಮಾಡಿ, ಡಿಸ್ಚಾರ್ಜ್ ಚೀಟಿ ಕೈಯಲ್ಲಿ ಹಿಡಿದುಕೊಂಡು ರಾತ್ರಿಯೇ ಹೊರಡಿ.